ಕೋಟೆಯ ಬೀಗದಕೈ ಯಾರಲ್ಲಿರಬೇಕು?

ಅಮೇರಿಕ ದೇಶದಲ್ಲಿ ಒಂದು ವಾದವು ಬಹುಕಾಲದಿಂದ ನಡೆದುಬಂದಿರುವುದು. ಆ ದೇಶದ ಕಾಡುಬೆಟ್ಟಗಳಲ್ಲಿಯೂ ಹೊಳೆಯ ದಂಡೆಗಳಲ್ಲಿಯೂ ಸಂಸಾರವಂದಿಗರು ಮಕ್ಕಳುಮರಿಗಳನ್ನು ಕರೆದುಕೊಂಡು ಹೋಗಿ, ಡೇರೆ ಹೊಡೆದು, ನಾಲ್ಕು ದಿನ ಇದ್ದು ಬರುವುದಕ್ಕೆಂದು ಸರಕಾರವೇ ಏರ್ಪಡಿಸಿದ ಬಯಲುಗಳು ಸಾವಿರಾರು ಇವೆ. ಒಲೆಗೆ ಒಂದು ಕಲ್ಲುಗುಂಡಿ, ಕುಡಿಯಲು ನೀರು, ಊಟಕ್ಕೆ ಮರದ ಮೇಜು, ತುಸು ದೂರದಲ್ಲಿ ಶೌಚಗೃಹ, ರಾತ್ರಿಗೆ ಇಷ್ಟೆಂದು ಅಲ್ಪ ಬಾಡಿಗೆ. ಇಷ್ಟೇ ಅದರ ಸಂಭ್ರಮ. ಇವುಗಳಲ್ಲಿ ಅನೇಕವು ವಾಷಿಂಗ್ಟನ್ನಿನ ಕೇಂದ್ರ ಸರಕಾರದ ಅಧೀನದಲ್ಲಿರುವುವು. ಇವನ್ನು ಆಯಾ ಪ್ರಾಂತಗಳ ಸರಕಾರಗಳು ತಮ್ಮ ವಶಕ್ಕೆ ತೆಗೆದುಕೊಂಡು ತಮ್ಮ ಬೊಕ್ಕಸದಿಂದಲೇ ನಡೆಯಿಸಬಾರದೇಕೆ ಎಂಬುದೇ ಆ ವಾದ.

ಅಮೇರಿಕದವರ ಡೇರೆಯ ಚಿಂತೆಯು ನಂದೂರದ ಗೃಹಿಣಿಗೇಕೆ ಎಂದು ವಾಚಕರು ಕೇಳಬಹುದು. ಕೇಳಬೇಕಾದುದೇ. ನಮ್ಮಲ್ಲಿ ಡೇರೆ ಹೊಡೆದು ಇರುವ ಪದ್ಧತಿ ಕಡಿಮೆ. ಆದರೆ ಎಳ್ಳಮಾವಾಸ್ಯೆಯ ದಿನ ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿಗಳನ್ನು ಹೊತ್ತು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಗಿಡದ ನೆರಳಿನಲ್ಲಿ ಮನೆಮಂದಿಯೆಲ್ಲ ಕುಳಿತು ಉಣ್ಣುವ ಸುಖವನ್ನು ಅರಿಯದವರು ಈ ಸೀಮೆಯಲ್ಲಿ ಯಾರಿದ್ದಾರೆ? ಹೊಲವಿಲ್ಲದವರು, ಊರು ಬಿಟ್ಟು ನಗರ ಸೇರಿದವರು, ಬಾಡಿಗೆಯ ಎರಡು ಕೋಣೆಗಳಲ್ಲಿ ಬದುಕುವವರು, ಇವರಿಗೆ ಅಂಥ ಸುಖವು ಬೇಕಾದಾಗ ಎಲ್ಲಿಗೆ ಹೋಗಬೇಕು? ಸಾರ್ವಜನಿಕ ಸ್ಥಳಕ್ಕೆ. ಆ ಸ್ಥಳವು ಯಾರದು, ಅದನ್ನು ಗುಡಿಸುವವರು ಯಾರು, ಗುಡಿಸುವವನಿಗೆ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆಯು ಆಗ ನಮ್ಮ ಮನೆಯ ಹೊಸ್ತಿಲಿಗೇ ಬಂದು ನಿಲ್ಲುವುದು.

ಮೊದಲು ಅಮೇರಿಕದ ಸಂಗತಿಯನ್ನು ಸ್ವಲ್ಪ ನೋಡಿಬಿಡೋಣ. ಅಲ್ಲಿ ಎರಡು ಮೂರು ಪಾಠಗಳಿವೆ. ಆ ದೇಶದ ಪಶ್ಚಿಮ ಭಾಗದಲ್ಲಿ ಯೂಟಾ ಎಂಬ ಪ್ರಾಂತವಿರುವುದು. ಅದರ ನೆಲದಲ್ಲಿ ನೂರಕ್ಕೆ ೬೦ಕ್ಕಿಂತ ಹೆಚ್ಚು ಪಾಲು ಕೇಂದ್ರದ್ದೇ. ೨೦೧೨ರಲ್ಲಿ ಆ ಪ್ರಾಂತದ ಶಾಸನಸಭೆಯು, ಈ ನೆಲವನ್ನೆಲ್ಲ ೨೦೧೪ರ ಕೊನೆಯೊಳಗೆ ನಮಗೆ ಒಪ್ಪಿಸಿರಿ ಎಂದು ಕಾಯಿದೆಯನ್ನೇ ಮಾಡಿತು. ಕೇಂದ್ರವು ಒಪ್ಪಿಸಲಿಲ್ಲ. ಈ ನಡುವೆ ೨೦೧೩ರ ಅಕ್ಟೋಬರದಲ್ಲಿ ಅಲ್ಲಿಯ ಕೇಂದ್ರ ಶಾಸನಸಭೆಯಲ್ಲಿ ಹಣದ ಮಂಜೂರಿಯ ಬಗೆಗೆ ಜಗಳ ಹುಟ್ಟಿ ೧೬ ದಿನಗಳ ಪರ್ಯಂತ ಸರಕಾರದ ಕಛೇರಿಗಳೇ ಮುಚ್ಚಿದವು. ರಾಷ್ಟ್ರೀಯ ಉದ್ಯಾನಗಳ ಬಾಗಿಲುಗಳಿಗೂ ಬೀಗ ಬಿದ್ದಿತು. ಆ ಉದ್ಯಾನಗಳನ್ನು ನಂಬಿ ಬದುಕುವ ಊರುಗಳ ಅಂಗಡಿಕಾರರು, ಖಾನಾವಳಿಯವರು ಗೋಳಾಡಲು, ಯೂಟಾ ಸರಕಾರವು ಸುಮಾರು ೧೬ ಲಕ್ಷ ೭೦ ಸಾವಿರ ಡಾಲರುಗಳನ್ನು ಮುಂಗಡವಾಗಿ ಕಟ್ಟಿ, ಹತ್ತು ದಿನಗಳ ಮಟ್ಟಿಗೆ ಎಂಟು ಸ್ಥಳಗಳನ್ನು ತೆರೆಯಿಸಿತು. ಅರಿಜೋನಾ ಪ್ರಾಂತವು ತನ್ನ ಮಹಾಕಂದರವನ್ನು ಹೀಗೆಯೇ ತೆರೆಯಿಸಿಕೊಂಡಿತು. ಬಳಿಕ ೨೦೧೮ರ ಕೊನೆಯಲ್ಲಿ ಪುನಃ ಅಂಥದೇ ಜಗಳವಾಗಿ ೩೫ ದಿನ ನಡೆದಾಗ, ಬೀಗ ಹಾಕುವ ಬದಲು ಅನೇಕ ಕಡೆ ಬಾಗಿಲು ತೆರೆದಿಟ್ಟು ನೌಕರರನ್ನು ಮಾತ್ರ ಮನೆಗೆ ಕಳಿಸಿದರು. ಪರಿಣಾಮವನ್ನು ಯಾವ ಗೃಹಿಣಿಯಾದರೂ ಊಹಿಸಬಲ್ಲಳು: ಶೌಚಗೃಹಗಳು ತುಂಬಿ ಹರಿದವು, ಕಸದ ರಾಶಿಗಳು ಬೆಳೆದವು, ಗಿಡಮರಗಳು ಹಾಳಾದವು. ಬೀಗ ಹಾಕಿದ ಮನೆಗಿಂತ, ಬಾಗಿಲು ತೆರೆದೂ ಕಸಬರಿಗೆ ಹಿಡಿಯುವವರಿಲ್ಲದ ಮನೆಯೇ ಬೇಗ ಕೆಡುವುದು.

ಇಷ್ಟು ಕೇಳಿದವರು, ಹಾಗಾದರೆ ಪ್ರಾಂತಗಳ ಕೈಗೇ ಕೊಡುವುದು ಮೇಲಲ್ಲವೇ ಎಂದಾರು. ಆದರೆ ಇದಕ್ಕೆ ವಿರುದ್ಧವಾದ ಉದಾಹರಣೆಯೂ ಆ ದೇಶದಲ್ಲಿಯೇ ಇದೆ. ಯೊಸೆಮಿಟಿ ಎಂಬ ಜಗತ್ಪ್ರಸಿದ್ಧವಾದ ಕಣಿವೆಯನ್ನು ೧೮೬೪ರಲ್ಲಿ ಲಿಂಕನ್ನನ ಸರಕಾರವು ಕ್ಯಾಲಿಫೋರ್ನಿಯಾ ಪ್ರಾಂತಕ್ಕೆ ಒಪ್ಪಿಸಿದ್ದಿತು. ನಾಲ್ವತ್ತೆರಡು ವರ್ಷಗಳ ತರುವಾಯ, ಅಂದರೆ ೧೯೦೬ರಲ್ಲಿ, ಆ ಪ್ರಾಂತವು ಕಣಿವೆಯನ್ನು ತಿರುಗಿ ಕೇಂದ್ರಕ್ಕೆ ಒಪ್ಪಿಸಿಬಿಟ್ಟಿತು. ಪ್ರಾಂತದ ಆಡಳಿತದಲ್ಲಿ ಕಣಿವೆಯು ದನಕುರಿಗಳ ಪಾಲಾಗುತ್ತಿದೆ, ಸರಿಯಾದ ಪೋಷಣೆಯಿಲ್ಲ ಎಂಬ ಕೂಗೇ ಅದಕ್ಕೆ ಮುಖ್ಯ ಕಾರಣವು. ಆದಕಾರಣ ಹತ್ತಿರದವನು ಚೆನ್ನಾಗಿ ನೋಡಿಕೊಳ್ಳುವನು, ದೂರದವನು ಕೆಡಿಸುವನು ಎಂದು ಕಣ್ಣುಮುಚ್ಚಿ ಹೇಳಲು ಬಾರದು.

ಇನ್ನು ನಮ್ಮ ನಾಡಿಗೆ ಬರೋಣ. ಇಲ್ಲಿ ವ್ಯವಸ್ಥೆಯು ಅಮೇರಿಕದ್ದಕ್ಕೆ ತಿರುವುಮುರುವಾಗಿರುವುದು. ಅಲ್ಲಿ ಕಾಡಿನ ಒಂದು ದೊಡ್ಡ ಪಾಲು ಕೇಂದ್ರದ್ದು. ಇಲ್ಲಿ ಕಾಡನ್ನು ಕಾಯುವವರು ರಾಜ್ಯದ ಅರಣ್ಯ ಇಲಾಖೆಯವರು. ನಮ್ಮ ಜಿಲ್ಲೆಯ ಚಿಂಚೋಳಿಯ ಕಾಡನ್ನು ೨೦೧೧ರಲ್ಲಿ ವನ್ಯಜೀವಿಧಾಮವೆಂದು ಸಾರಿದವರೂ, ಚಂದ್ರಂಪಳ್ಳಿಯ ಜಲಾಶಯದ ಕಡೆಗೆ ಹೋಗುವವರಿಗೆ ದಾರಿ ತೋರಬೇಕಾದವರೂ ರಾಜ್ಯದವರೇ. ಹೀಗಾಗಿ ಡೇರೆಯ ಬಯಲಿನ ಪ್ರಶ್ನೆಯು ನಮ್ಮಲ್ಲಿ ಎಂದೋ ತೀರ್ಮಾನವಾಗಿಹೋಗಿದೆ. ಇಲ್ಲಿ ಕೇಂದ್ರದ ಕೈಯಲ್ಲಿರುವುದು ಕಲ್ಲು: ಕೋಟೆ, ಮಸೀದಿ, ಗುಮ್ಮಟ, ಹಳೆಯ ದೇವಾಲಯ, ಸ್ತೂಪ. ಕರ್ನಾಟಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿ ೫೦೦ಕ್ಕೂ ಮಿಕ್ಕ ಸ್ಮಾರಕಗಳಿವೆ. ಇಡೀ ದೇಶದಲ್ಲಿ ೩,೬೦೦ಕ್ಕೂ ಮಿಕ್ಕು. ಕಲಬುರಗಿಯ ಕೋಟೆ, ಅದರೊಳಗಿನ ಜಾಮಿ ಮಸೀದಿ, ಊರ ಮೂಡಣಕ್ಕಿರುವ ಹಫ್ತ್ ಗುಂಬಜ್ ಇವೆಲ್ಲ ಆ ಲೆಕ್ಕದೊಳಗಿನವು.

ಕೋಟೆಯ ವೈಭವವನ್ನು ಈ ಪತ್ರಿಕೆಯ ವಾಚಕರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ೧೩೪೭ರಲ್ಲಿ ಅಲಾಉದ್ದೀನ ಹಸನನು ಬಹಮನೀ ರಾಜ್ಯವನ್ನು ಸ್ಥಾಪಿಸಿ ಕಲಬುರಗಿಯನ್ನು ರಾಜಧಾನಿಯನ್ನಾಗಿ ಮಾಡಿದನು. ೧೩೬೭ರಲ್ಲಿ ಕಟ್ಟಿದ ಜಾಮಿ ಮಸೀದಿಯು ಸುಮಾರು ೨೧೬ ಅಡಿ ಉದ್ದ, ೧೭೬ ಅಡಿ ಅಗಲವಿದ್ದು, ನಡುವೆ ತೆರೆದ ಅಂಗಳವೆಂಬುದೇ ಇಲ್ಲದೆ ಪೂರ್ತಿಯಾಗಿ ಗುಮ್ಮಟಗಳಿಂದ ಮುಚ್ಚಿರುವುದು. ಭರತಖಂಡದಲ್ಲಿ ಇಂಥ ರಚನೆಯು ಬಹು ವಿರಳ. ಬೇಸಗೆಯ ಮಧ್ಯಾಹ್ನದಲ್ಲಿ, ಹೊರಗೆ ೪೦ ಡಿಗ್ರಿ ದಾಟಿದ ಬಿಸಿಲು ಸುಡುತ್ತಿರುವಾಗ, ಆ ಕಮಾನುಗಳ ಸಾಲಿನೊಳಗೆ ಕಾಲಿಟ್ಟವರಿಗೆ ಅದನ್ನು ಕಟ್ಟಿದವರ ಬುದ್ಧಿಯು ಮೈಗೇ ತಿಳಿಯುವುದು. ೧೪೨೨ರಲ್ಲಿ ತೀರಿಕೊಂಡ ಫಿರೋಜ ಶಹನ ಜೋಡುಗುಮ್ಮಟದ ಸಮಾಧಿಯು ಹಫ್ತ್ ಗುಂಬಜದಲ್ಲಿರುವುದು. ಈ ನಿರ್ಮಾಣಗಳೆಲ್ಲ ೨೦೧೪ರಿಂದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿಯೂ ಸೇರಿವೆ.

ಇಷ್ಟೆಲ್ಲ ಸರಿ. ನಂದೂರದಿಂದಲೋ ಕಮಲಾಪುರದಿಂದಲೋ ಒಬ್ಬ ಗೃಹಸ್ಥನು ಆದಿತ್ಯವಾರ ಹೆಂಡತಿ, ತಾಯಿ, ಮೂವರು ಮಕ್ಕಳೊಡನೆ ಕೋಟೆಯನ್ನು ನೋಡಬರುವನೆಂದು ಎಣಿಸಿಕೊಳ್ಳೋಣ. ತಾಯಿಯು ಬೆಳಗಿನ ಜಾವವೇ ಎದ್ದು ಜೋಳದ ರೊಟ್ಟಿ ಬಡಿದು, ಎಣಗಾಯಿ, ಶೇಂಗಾಹಿಂಡಿ, ಗಟ್ಟಿಮೊಸರುಗಳ ಬುತ್ತಿಯನ್ನು ಕಟ್ಟಿರುವಳು. ದಾರಿಯಲ್ಲಿ ಒಂದು ಡಜನು ಕೆಂಬಾಳೆಯನ್ನೂ ಕೊಂಡಿರುವರು. ಕೋಟೆಯೊಳಗೆ ಸುತ್ತಾಡಿ ಹಸಿವಾಯಿತು. ಬುತ್ತಿಯನ್ನು ಬಿಚ್ಚುವುದೆಲ್ಲಿ? ೧೯೫೯ರ ಸ್ಮಾರಕ ನಿಯಮಗಳಲ್ಲಿ ಒಂದು ಮಾತಿದೆ: ರಕ್ಷಿತ ಸ್ಮಾರಕದೊಳಗೆ, ಅದಕ್ಕೆಂದು ಗೊತ್ತುಮಾಡಿದ ಜಾಗವಿದ್ದರೆ ಅಲ್ಲಿ ಹೊರತು, ಅಡಿಗೆ ಮಾಡಬಾರದು, ಊಟವನ್ನೂ ಮಾಡಬಾರದು. ನಿಯಮವು ನ್ಯಾಯವಾದುದೇ. ಆರುನೂರೈವತ್ತು ವರ್ಷಗಳ ಗಾರೆಯ ಮೇಲೆ ಎಣ್ಣೆಯ ಕೈ ಒರಸುವವರನ್ನೂ, ಎಂಜಲೆಲೆಯನ್ನು ಕಂದಕಕ್ಕೆ ಎಸೆಯುವವರನ್ನೂ ತಡೆಯಬೇಕು. ಆದರೆ ನಿಯಮದೊಳಗೇ "ಗೊತ್ತುಮಾಡಿದ ಜಾಗ" ಎಂಬ ಮಾತೂ ಇದೆಯಲ್ಲ! ಆ ಜಾಗವನ್ನು ಗೊತ್ತುಮಾಡಿ, ನಾಲ್ಕು ಬೇವಿನ ಗಿಡ ನೆಟ್ಟು, ಕಲ್ಲಿನ ಕಟ್ಟೆ ಕಟ್ಟಿ, ನೀರಿನ ನಲ್ಲಿ ಇಟ್ಟು, ಹೆಂಗಸರು ಸಂಕೋಚವಿಲ್ಲದೆ ಹೋಗಬಹುದಾದ ಶೌಚಗೃಹವನ್ನು ದಿನಾಲು ತೊಳೆಯಿಸುವ ಕೆಲಸವು ಯಾರದು? ಬೇಡವೆನ್ನುವ ನಿಯಮವನ್ನು ಬರೆಯಲು ಹಣ ಹತ್ತುವುದಿಲ್ಲ. ಬೇಕಾದುದನ್ನು ಒದಗಿಸಲು ಹತ್ತುವುದು. ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ.

ಈ ಸ್ಮಾರಕಗಳು ಕೇಂದ್ರದ ಕೈಗೆ ಬಂದ ಬಗೆಯನ್ನು ಅರಿತರೆ ವಿಷಯವು ಇನ್ನಷ್ಟು ಸ್ಪಷ್ಟವಾಗುವುದು. ಇವು ಮೊದಲಿನಿಂದ ದಿಲ್ಲಿಯವಲ್ಲ. ನಮ್ಮ ಸೀಮೆಯು ನಿಜಾಮರ ಆಳಿಕೆಯಲ್ಲಿದ್ದಾಗ, ೧೯೧೪ರಲ್ಲಿ, ಹೈದರಾಬಾದ ಸಂಸ್ಥಾನವು ತನ್ನದೇ ಆದ ಪುರಾತತ್ತ್ವ ಇಲಾಖೆಯನ್ನು ತೆರೆಯಿತು. ಗುಲಾಮ ಯಜ್ದಾನಿಯವರು ಅದರ ಮೊದಲ ನಿರ್ದೇಶಕರು. ಬೀದರಿನ ಸ್ಮಾರಕಗಳ ಮೇಲೆ ಅವರು ಬರೆದ ದೊಡ್ಡ ಗ್ರಂಥವು ೧೯೪೭ರಲ್ಲಿ ಪ್ರಕಟವಾಯಿತು. ಇಂದಿಗೂ ಪಂಡಿತರು ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಆಗ ಸಂಸ್ಥಾನಕ್ಕೆ ಸೇರಿದ್ದ ಅಜಂತೆಯ ಗುಹೆಗಳ ಚಿತ್ರಗಳು ಉದುರತೊಡಗಿದಾಗ, ೧೯೨೦ರಲ್ಲಿ ಇಟಲಿಯಿಂದ ಇಬ್ಬರು ತಜ್ಞರನ್ನು ಸಂಸ್ಥಾನದ ಬೊಕ್ಕಸದಿಂದಲೇ ಹಣ ಕೊಟ್ಟು ಕರೆಯಿಸಿ ಚಿತ್ರಗಳನ್ನು ಗೋಡೆಗೆ ಭದ್ರಪಡಿಸಿದರು. ಅವರು ಬಳಸಿದ ಅರಗು ಮುಂದೆ ಹಳದಿಗಟ್ಟಿ ತೊಂದರೆಯನ್ನುಂಟುಮಾಡಿತೆಂಬುದು ಬೇರೆ ಮಾತು. ಅತ್ತ ಮೈಸೂರು ಸಂಸ್ಥಾನವು ೧೮೮೫ರಷ್ಟು ಹಿಂದೆಯೇ ಪುರಾತತ್ತ್ವ ಇಲಾಖೆಯನ್ನು ಸ್ಥಾಪಿಸಿ, ರೈಸರಂಥವರ ಕೈಯಲ್ಲಿ ನಾಡಿನ ಶಾಸನಗಳನ್ನೆಲ್ಲ ಸಂಗ್ರಹಿಸಿತು. ಆದುದರಿಂದ ರಾಜ್ಯಗಳಿಗೆ ಈ ಕೆಲಸವು ಬಾರದು ಎಂದು ದಿಲ್ಲಿಯವರು ಹೇಳುವಂತಿಲ್ಲ. ಬರುತ್ತಿದ್ದಿತು, ಏಕೆಂದರೆ ಆ ಸಂಸ್ಥಾನಗಳು ಪದವಿಯೊಡನೆ ಹಣವನ್ನೂ ಕೊಟ್ಟಿದ್ದವು.

೧೯೪೮ರ ಸೆಪ್ಟೆಂಬರದಲ್ಲಿ ಹೈದರಾಬಾದವು ಭಾರತದಲ್ಲಿ ಸೇರಿತು. ೧೯೫೦ರ ಸಂವಿಧಾನವು ಸ್ಮಾರಕಗಳನ್ನು ಎರಡು ಪಾಲು ಮಾಡಿತು: ರಾಷ್ಟ್ರೀಯ ಮಹತ್ತ್ವದವೆಂದು ಸಂಸತ್ತು ಸಾರಿದವು ಕೇಂದ್ರಕ್ಕೆ, ಉಳಿದವು ರಾಜ್ಯಕ್ಕೆ. ೧೯೫೧ರ ಕಾಯಿದೆಯಿಂದ ಹಳೆಯ ಸಂಸ್ಥಾನಗಳ ಪಟ್ಟಿಗಳಲ್ಲಿದ್ದ ಅನೇಕ ಸ್ಮಾರಕಗಳು ರಾಷ್ಟ್ರೀಯವಾದವು. ೧೯೫೮ರಲ್ಲಿ ಈಗ ಜಾರಿಯಲ್ಲಿರುವ ಕಾಯಿದೆ ಬಂದಿತು. ೧೯೫೬ರ ನವೆಂಬರ ೧ರಂದು ಕಲಬುರಗಿಯು ಕನ್ನಡ ನಾಡಿನೊಳಕ್ಕೆ ಬರುವಷ್ಟರಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿಯು ಆಗಿಹೋಗಿದ್ದಿತೆನ್ನಬಹುದು. ಊರು ನಮಗೆ ಬಂದಿತು. ಊರಿನ ಕೋಟೆಯ ಬೀಗದಕೈ ಬರಲಿಲ್ಲ.

ಕೇಂದ್ರವು ಅದನ್ನು ಹೇಗೆ ನೋಡಿಕೊಂಡಿತು? ಕಲ್ಲು ಗಾರೆಗಳ ದುರಸ್ತಿಯಲ್ಲಿ ಆ ಇಲಾಖೆಯವರಿಗಿರುವ ಕೈಚಳಕವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಹಂಪಿ, ಬಾದಾಮಿ, ಪಟ್ಟದಕಲ್ಲುಗಳನ್ನು ಕಂಡವರು ಅದನ್ನು ಬಲ್ಲರು. ಆದರೆ ಕಾವಲಿನ ಸ್ಥಿತಿಯನ್ನು ನೋಡಿರಿ. ೨೦೧೩ರಲ್ಲಿ ಮಹಾಲೇಖಪಾಲರು ದೇಶದ ೧,೬೫೫ ರಕ್ಷಿತ ಸ್ಮಾರಕಗಳನ್ನು ಕಣ್ಣಾರೆ ಪರೀಕ್ಷಿಸಹೋದಾಗ ೯೨ ಸ್ಮಾರಕಗಳು ಸ್ಥಳದಲ್ಲಿ ಸಿಕ್ಕಲೇ ಇಲ್ಲ! ಕೆಲವು ಆಮೇಲೆ ಸಿಕ್ಕವು. ಕೆಲವು ಕಟ್ಟಡಗಳ ಅಡಿಯಲ್ಲಿ ಹೂತುಹೋಗಿದ್ದವು. ೨೦೨೨ರಲ್ಲಿ ಸಂಸತ್ತಿನ ಸಮಿತಿಯೊಂದರ ಮುಂದೆ ಬಂದ ಲೆಕ್ಕದಂತೆ ೭,೦೦೦ ಕಾವಲುಗಾರರು ಬೇಕಾಗಿರಲು, ಹಣದ ಅಭಾವದಿಂದ ೨೪೮ ಸ್ಥಳಗಳಲ್ಲಿ ೨,೫೭೮ ಮಂದಿಯನ್ನು ಮಾತ್ರ ಇಡಲಾಗಿದ್ದಿತು. ಸ್ಮಾರಕಗಳೆಷ್ಟು? ೩,೬೦೦ಕ್ಕೂ ಹೆಚ್ಚು. ಪ್ರವೇಶಕ್ಕೆ ಹಣ ತೆಗೆದುಕೊಳ್ಳುವ ಸ್ಮಾರಕಗಳಾದರೋ ದೇಶದಲ್ಲೆಲ್ಲ ನೂರೈವತ್ತರೊಳಗೆ. ತಾಜಮಹಲಿಗೆ ದುಡಿಯುವ ಶಕ್ತಿಯಿದೆ; ಕಲಬುರಗಿಯ ಗುಮ್ಮಟಗಳಿಗಿಲ್ಲ. ಒಟ್ಟು ಕುಟುಂಬದಲ್ಲಿ ದುಡಿಯದ ಸೊಸೆಯ ಸರದಿಯು ಕಡೆಗೆ ಬರುವಂತೆ ಇವುಗಳ ಸರದಿಯೂ ಕಡೆಗೇ ಬರುವುದು.

ನಮ್ಮ ಜಿಲ್ಲೆಯ ಸನ್ನತಿಯನ್ನೇ ತೆಗೆದುಕೊಳ್ಳಿರಿ. ಭೀಮಾತೀರದ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ೧೯೮೬ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ ವಿಗ್ರಹದ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನಗಳು ಕಾಣಿಸಿಕೊಂಡವು. ಅನತಿದೂರದ ಕನಗನಹಳ್ಳಿಯಲ್ಲಿ ಕೇಂದ್ರದ ಇಲಾಖೆಯವರು ಅಗೆದು, ಮಹಾಸ್ತೂಪವನ್ನೂ, "ರಾಯೋ ಅಸೋಕೋ" ಎಂದು ಹೆಸರು ಕೊರೆದ ರಾಜನ ಶಿಲ್ಪವನ್ನೂ ಬೆಳಕಿಗೆ ತಂದರು. ಜಗತ್ತಿನ ವಿದ್ವಾಂಸರು ಬೆರಗಾದರು. ಆದರೆ ಅಗೆದು ತೆಗೆದ ಆ ಸುಣ್ಣಕಲ್ಲಿನ ಚಿತ್ರಫಲಕಗಳು ವರ್ಷಗಟ್ಟಲೆ ಬಿಸಿಲು ಮಳೆಗಳಲ್ಲಿ ಬಯಲಲ್ಲಿಯೇ ಬಿದ್ದುಕೊಂಡಿದ್ದವು. ಎರಡು ಸಾವಿರ ವರ್ಷ ಮಣ್ಣು ಕಾಪಾಡಿದುದನ್ನು ಇಪ್ಪತ್ತು ವರ್ಷ ಮನುಷ್ಯರು ಕಾಪಾಡಲಾರದೆ ಹೋದರು.

ಹಾಗೆಂದು ರಾಜ್ಯದವರ ಕೈ ಚೊಕ್ಕವೇ? ಸೇಡಮ್ ತಾಲ್ಲೂಕಿನ ಮಳಖೇಡಕ್ಕೆ ಹೋಗಿ ನೋಡಿರಿ. ರಾಷ್ಟ್ರಕೂಟರ ಮಾನ್ಯಖೇಟವದು; ಅಮೋಘವರ್ಷ ನೃಪತುಂಗನ ರಾಜಧಾನಿ; ಕನ್ನಡದ ಮೊದಲ ಲಕ್ಷಣಗ್ರಂಥವು ಹುಟ್ಟಿದ ಆಸ್ಥಾನ. ಕಾಗಿಣಾ ನದಿಯ ದಂಡೆಯ ಆ ಕೋಟೆಯು ರಾಜ್ಯದ ಇಲಾಖೆಯ ಪಾಲಿನದು. ಅಲ್ಲಿ ದುರಸ್ತಿಯ ಕೆಲಸಗಳು ನಡೆದದ್ದುಂಟು, ಮಳೆಗೆ ಗೋಡೆ ಕುಸಿದದ್ದೂ ಉಂಟು. ಕನ್ನಡಿಗರ ಅಭಿಮಾನಕ್ಕೆ ಅದಕ್ಕಿಂತ ಹತ್ತಿರದ ಸ್ಥಳವು ಯಾವುದಿದ್ದೀತು? ರಾಜ್ಯದ ಅಧೀನವೆಂಬುದೇ ಔಷಧವಾಗಿದ್ದರೆ ಮಳಖೇಡವು ಈ ಹೊತ್ತಿಗೆ ತಿರುಪತಿಯಂತೆ ಜನತುಂಬಿ ತುಳುಕಬೇಕಾಗಿತ್ತು.

ಇಷ್ಟಕ್ಕೂ ಕೇಂದ್ರ ರಾಜ್ಯಗಳ ನಡುವಿನ ಈ ಕೊಡುಕೊಳ್ಳುವಿಕೆಯು ಕಲಬುರಗಿಯವರಿಗೆ ಹೊಸದಲ್ಲ. ವಿಮಾನ ನಿಲ್ದಾಣವನ್ನು ರಾಜ್ಯವು ಹಣ ಹಾಕಿ ಕಟ್ಟಿಸಿತು. ೨೦೧೯ರ ನವೆಂಬರದಲ್ಲಿ ಪ್ರಾರಂಭವಾದಂದಿನಿಂದ ನಡೆಯಿಸುವವರು ಕೇಂದ್ರದ ಪ್ರಾಧಿಕಾರದವರು. ಕಾರ್ಮಿಕರ ವಿಮಾ ನಿಗಮದ ವೈದ್ಯಕೀಯ ಕಾಲೇಜಿನ ಕಥೆ ಇದಕ್ಕೆ ವಿರುದ್ಧ. ೨೦೧೫ರಲ್ಲಿ ನಿಗಮವು, ಇನ್ನು ಕಾಲೇಜುಗಳ ಗೊಡವೆ ತನಗೆ ಬೇಡ, ಬೇಕಾದ ರಾಜ್ಯಗಳು ತೆಗೆದುಕೊಳ್ಳಲಿ ಎಂದಿತು. ಕೇರಳದವರು ಕೊಲ್ಲಮ್ಮಿನ ಬಳಿಯದನ್ನೂ ತಮಿಳುನಾಡಿನವರು ಕೊಯಮತ್ತೂರಿನದನ್ನೂ ತೆಗೆದುಕೊಂಡರು. ನಮ್ಮದು ನಿಗಮದಲ್ಲಿಯೇ ಉಳಿದು ಇಂದಿಗೂ ನಡೆಯುತ್ತಿದೆ. ಯಾರ ನಡೆಯು ಜಾಣತನದ್ದೆಂದು ನಾನು ಇಲ್ಲಿ ತೀರ್ಪು ಕೊಡಹೋಗುವುದಿಲ್ಲ. ಕೊಡುವವನು ಏಕೆ ಕೊಡುತ್ತಾನೆ ಎಂಬುದನ್ನು ಮಾತ್ರ ಕೇಳಿಕೊಳ್ಳಬೇಕು. ಹಾಲು ಕರೆಯುವ ಎಮ್ಮೆಯನ್ನು ಯಾರೂ ಪುಕ್ಕಟೆಯಾಗಿ ಕೊಡುವುದಿಲ್ಲ.

ಕೋಟೆಯನ್ನು ಪೂರ್ತಿಯಾಗಿ ರಾಜ್ಯಕ್ಕೆ ಒಪ್ಪಿಸಬೇಕಾದರೆ ಕಾನೂನಿನ ದಾರಿಯು ಯಾವುದು? ೧೯೫೮ರ ಕಾಯಿದೆಯ ೩೫ನೆಯ ಕಲಮಿನ ಮೇರೆಗೆ ಕೇಂದ್ರವು, ಈ ಸ್ಮಾರಕಕ್ಕೆ ರಾಷ್ಟ್ರೀಯ ಮಹತ್ತ್ವವು ಇನ್ನಿಲ್ಲ ಎಂದು ಪ್ರಕಟಿಸಬೇಕು. ಈ ಮಾತನ್ನು ಓದುವಾಗಲೇ ಮನಸ್ಸು ಹಿಂಜರಿಯುವುದು. ವಿಶ್ವಪರಂಪರೆಯ ಬಾಗಿಲಲ್ಲಿ ನಿಂತಿರುವ ಕೋಟೆಗೆ ರಾಷ್ಟ್ರದಲ್ಲಿಯೇ ಮಹತ್ತ್ವವಿಲ್ಲವೆಂದು ನಾವಾಗಿಯೇ ಹೇಳಿಸಿಕೊಳ್ಳುವುದೇ? ಅದೂ ಅಲ್ಲದೆ ೨೦೧೦ರ ತಿದ್ದುಪಡಿಯಿಂದ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡವನ್ನು ಕಟ್ಟಕೂಡದು, ಅದರಾಚೆಗಿನ ಇನ್ನೂರು ಮೀಟರಿನಲ್ಲಿ ಅಪ್ಪಣೆಯಿಲ್ಲದೆ ಕಟ್ಟಕೂಡದು ಎಂಬ ಬೇಲಿಯಿದೆ. ಪಟ್ಟಿಯಿಂದ ಹೆಸರು ಹೋದ ದಿನ ಈ ಬೇಲಿಯೂ ಕಿತ್ತುಹೋಗುವುದು. ನಗರದ ನಡುವೆ ನೆಲದ ಬೆಲೆ ಏರುತ್ತಿರುವಾಗ ಆ ಬೇಲಿ ಕಿತ್ತರೆ ಆಗುವುದೇನೆಂದು ಕಲಬುರಗಿಯವರಿಗೆ ವಿವರಿಸಬೇಕಾಗಿಲ್ಲ.

ಆದಕಾರಣ ಪೂರ್ಣ ಹಸ್ತಾಂತರವು ನನಗೆ ಸಮ್ಮತವಲ್ಲ. ಆದರೆ ಇದ್ದಂತೆಯೇ ಇರಲಿ ಎಂಬುದೂ ಸಮ್ಮತವಲ್ಲ. ನಡುವೆ ಒಂದು ದಾರಿಯಿದೆ; ಅದನ್ನು ಸಂವಿಧಾನವೇ ತೋರಿಸಿದೆ, ನಡೆಯುವವರಿಲ್ಲ. ೨೫೮ನೆಯ ವಿಧಿಯಂತೆ ಕೇಂದ್ರವು ತನ್ನ ಕೆಲಸವೊಂದನ್ನು, ರಾಜ್ಯದ ಒಪ್ಪಿಗೆಯನ್ನು ಪಡೆದು, ರಾಜ್ಯದ ಅಧಿಕಾರಿಗಳಿಗೆ ವಹಿಸಿಕೊಡಬಹುದು. ಹಾಗೆ ವಹಿಸಿದರೆ ತಗಲುವ ಹೆಚ್ಚಿನ ವೆಚ್ಚವನ್ನು ಕೇಂದ್ರವು ಕೊಡತಕ್ಕದ್ದು ಎಂದೂ ಅಲ್ಲಿಯೇ ಬರೆದಿದೆ. ಒಡೆತನವು ಬದಲಾಗದು, ಬೇಲಿಯು ಕೀಳದು, ಪಟ್ಟಿಯಲ್ಲಿ ಹೆಸರು ಉಳಿಯುವುದು; ಆದರೆ ದಿನನಿತ್ಯದ ಕೆಲಸಕ್ಕೆ ಹತ್ತಿರದ ಕೈ ದೊರೆಯುವುದು. ಗೋಡೆಯ ಗಾರೆಯನ್ನು ಕೇಂದ್ರದ ತಜ್ಞರೇ ಮುಟ್ಟಲಿ. ಜಿಲ್ಲೆಯ ಗುತ್ತಿಗೆದಾರನು ಸಿಮೆಂಟಿನ ಪುಟ್ಟಿಯನ್ನು ಹಿಡಿದು ಮಸೀದಿಯ ಕಮಾನಿಗೆ ಕೈಯಿಡುವ ದಿನ ಬರುವುದು ಬೇಡ. ಕಂದಕದ ಕಸ, ಹೊರಬಯಲಿನ ನೆರಳು, ನೀರು, ಶೌಚಗೃಹ, ದೀಪ, ಊಟದ ಕಟ್ಟೆ, ಸಂಜೆಯ ಕಾವಲು, ಮಕ್ಕಳಿಗೆ ಕನ್ನಡದಲ್ಲಿ ವಿವರಿಸುವ ಫಲಕ ಇವನ್ನು ರಾಜ್ಯವು ವಹಿಸಿಕೊಂಡು ತನ್ನ ಹಣವನ್ನೂ ಹಾಕಲಿ.

ಖಾಸಗಿಯವರಿಗೆ ದತ್ತು ಕೊಡುವ ಮಾರ್ಗವೂ ಇದೆಯಲ್ಲ ಎಂದು ಕೆಲವರು ಹೇಳುವರು. ೨೦೧೭ರಲ್ಲಿ ಅಂಥ ಯೋಜನೆಯನ್ನು ಕೇಂದ್ರವು ಆರಂಭಿಸಿತು. ಮರುವರ್ಷ ದಿಲ್ಲಿಯ ಕೆಂಪುಕೋಟೆಯನ್ನು ಸಿಮೆಂಟಿನ ಕಂಪೆನಿಯೊಂದು ಐದು ವರ್ಷಕ್ಕೆ ೨೫ ಕೋಟಿ ರೂಪಾಯಿಗಳ ಮಾತಿನ ಮೇಲೆ ದತ್ತು ತೆಗೆದುಕೊಂಡಿತು. ಸಂತೋಷ. ಆದರೆ ದತ್ತಕ್ಕೆ ಹೋಗುವವು ಚೆಲುವಾದ ಕೂಸುಗಳು. ಜನಸಂದಣಿಯಿಲ್ಲದ ಗುಮ್ಮಟಕ್ಕೆ ಕಂಪೆನಿಯವರು ಬರುವತನಕ ನಾವು ಕಾಯುತ್ತ ಕುಳಿತಿರಬೇಕೇ?

ಕೋಟೆಯ ವಿಷಯದಲ್ಲಿ ರಾಜ್ಯವನ್ನು ಬಿಟ್ಟರೆ ಬೇರೆಯವರಿಂದ ಆಗಲಾರದ ಕೆಲಸವೊಂದುಂಟು. ಅದನ್ನು ಹೇಳದೆ ಈ ಲೇಖನವನ್ನು ಮುಗಿಸುವುದು ಅಪ್ರಾಮಾಣಿಕವಾದೀತು. ಕೋಟೆಯ ಗೋಡೆಯೊಳಗೆ ತಲೆಮಾರುಗಳಿಂದ ಮನೆಮಾಡಿಕೊಂಡಿರುವ ಕುಟುಂಬಗಳಿವೆ. ಕಾನೂನಿನ ಕಣ್ಣಿಗೆ ಅವು ಅತಿಕ್ರಮಣಗಳು. ವ್ಯಾಜ್ಯವು ಉಚ್ಚ ನ್ಯಾಯಾಲಯದವರೆಗೂ ಹೋಗಿದೆ. ಆದರೆ ಅಲ್ಲಿ ಒಲೆ ಉರಿಯುವುದು, ತೊಟ್ಟಿಲು ತೂಗುವುದು, ಮಕ್ಕಳು ಪಾಟಿಚೀಲ ಹಾಕಿಕೊಂಡು ಶಾಲೆಗೆ ಹೋಗುವುದು. ಕೇಂದ್ರದ ಪುರಾತತ್ತ್ವ ಇಲಾಖೆಯು ಇವರಿಗೆ ತಾಕೀತು ಕಾಗದವನ್ನು ಕೊಡಬಲ್ಲುದೇ ಹೊರತು ಒಂದು ಅಂಕಣ ಮನೆಯನ್ನೂ ಕೊಡಲಾರದು. ಅದರ ಹತ್ತಿರ ನಿವೇಶನವಿಲ್ಲ, ಗೃಹನಿರ್ಮಾಣ ಮಂಡಳಿಯಿಲ್ಲ. ಜಿಲ್ಲಾಧಿಕಾರಿ, ಪೋಲೀಸು, ಭೂಮಿ, ಪಡಿತರಚೀಟಿ ಎಲ್ಲವೂ ರಾಜ್ಯದ ಕೈಯಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತ ವರ್ಷಗಳನ್ನು ಕಳೆದಷ್ಟು ಕಾಲ, ಗೋಡೆಯೂ ಹಾಳಾಗುವುದು, ಆ ತಾಯಂದಿರಿಗೂ ಮಾಳಿಗೆ ಸೋರಿದರೆ ದುರಸ್ತಿ ಮಾಡಿಸಿಕೊಳ್ಳುವ ಧೈರ್ಯ ಬರದು. ಮೊದಲು ಬೇರೆಡೆಯಲ್ಲಿ ಮನೆ, ಅದರ ಪಟ್ಟೆ, ಶಾಲೆಗೆ ನಡೆದು ಹೋಗುವಷ್ಟು ಸಮೀಪ. ಆಮೇಲೆ ಕೋಟೆಯ ತೆರವು. ಈ ಕ್ರಮವನ್ನು ತಿರುವುಮಾಡಿದರೆ ಕೋಟೆಯು ಉಳಿದರೂ ಅದನ್ನು ಉಳಿಸಿದ ಪುಣ್ಯವು ಉಳಿಯದು.

ಹಣವೆಲ್ಲಿದೆ ಎಂದು ಕೇಳುವಿರಿ. ೩೭೧ಜೆ ಎಂಬ ವಿಧಿಯು ಸಂವಿಧಾನದಲ್ಲಿ ಸೇರಿದ ಬಳಿಕ ನಮ್ಮ ಭಾಗಕ್ಕೆ ಪ್ರತ್ಯೇಕವಾದ ಅಭಿವೃದ್ಧಿ ಮಂಡಳಿಯು ಬಂದಿತು. ಅದರ ಕಛೇರಿಯು ಕಲಬುರಗಿಯಲ್ಲಿಯೇ ಇದೆ. ೨೦೨೩-೨೪ರ ಆಯವ್ಯಯದಲ್ಲಿ ಆ ಮಂಡಳಿಗೆ ೫,೦೦೦ ಕೋಟಿ ರೂಪಾಯಿಗಳೆಂದು ರಾಜ್ಯವು ಸಾರಿತು. ಆ ಹಣವು ಶಾಲೆ, ಆಸ್ಪತ್ರೆ, ರಸ್ತೆಗಳಿಗಾಗಿ ಇರುವುದು, ಗುಮ್ಮಟದ ಅಂಗಳಕ್ಕೆ ಬೇವಿನ ಗಿಡ ನೆಡುವುದಕ್ಕಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ, ಆ ಆಕ್ಷೇಪದಲ್ಲಿ ತೂಕವಿದೆಯೆಂದು ನಾನು ಒಪ್ಪುವೆನು. ಹೆರಿಗೆಯ ಆಸ್ಪತ್ರೆಗೆ ದಾದಿಯಿಲ್ಲದ ಊರಿನಲ್ಲಿ ಕೋಟೆಗೆ ದೀಪಾಲಂಕಾರ ಮಾಡಿಸುವುದನ್ನು ಕೇಳುವಷ್ಟು ಮತಿಗೇಡಿತನ ನನಗಿಲ್ಲ. ನಾನು ಕೇಳುವುದು ಬಣ್ಣದ ದೀಪಗಳನ್ನಲ್ಲ, ಸಂಗೀತದ ಕಾರಂಜಿಯನ್ನಲ್ಲ. ನೀರು, ನೆರಳು, ಶೌಚಗೃಹ, ಕಾವಲು, ಈ ನಾಲ್ಕು. ಇವಕ್ಕೆ ಬೇಕಾದುದು ಒಂದು ಸಲದ ದೊಡ್ಡ ಗಂಟಲ್ಲ. ವರ್ಷವರ್ಷವೂ ತಪ್ಪದೆ ಬರುವ ಸಣ್ಣ ಗಂಟು. ಉದ್ಘಾಟನೆಗೆ ಹಣ ಸಿಗುವುದು ಸುಲಭ, ಗುಡಿಸುವವಳ ಸಂಬಳಕ್ಕೆ ಸಿಗುವುದು ಕಷ್ಟ. ನಮ್ಮ ನಗರದ ಅನೇಕ ಉದ್ಯಾನಗಳ ಕಥೆಯೂ ಇದೇ. ಮಂಡಳಿಯ ಲೆಕ್ಕದಲ್ಲಿ "ಸ್ಮಾರಕಗಳ ಹೊರಬಯಲಿನ ನಿತ್ಯನಿರ್ವಹಣೆ" ಎಂದು ಒಂದು ಪ್ರತ್ಯೇಕ ಬಾಬು ಇರಬೇಕು, ಅದು ಪ್ರತಿವರ್ಷವೂ ಮುಂದುವರಿಯಬೇಕು, ಮತ್ತು ೨೫೮ನೆಯ ವಿಧಿಯಂತೆ ಕೇಂದ್ರದಿಂದ ಬರಬೇಕಾದ ಪಾಲನ್ನು ರಾಜ್ಯವು ನಾಚಿಕೊಳ್ಳದೆ ಕೇಳಿ ಪಡೆಯಬೇಕು.

ಶರಣಬಸವೇಶ್ವರರ ದಾಸೋಹಕ್ಕೂ ಬಂದೇನವಾಜರ ದರ್ಗೆಗೂ ವರ್ಷವರ್ಷವೂ ಲಕ್ಷಗಟ್ಟಲೆ ಜನರು ಬಂದು, ಉಂಡು, ಮಲಗಿ ಹೋಗುವ ಊರಿದು. ಪರಸ್ಥಳದವರನ್ನು ಕೂಡಿಸಿ ಉಣಿಸುವ ವಿದ್ಯೆಯನ್ನು ಕಲಬುರಗಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ರಾಜ್ಯದ ಆಯವ್ಯಯವು ಫೆಬ್ರುವರಿ ಮಾರ್ಚಿ ತಿಂಗಳುಗಳಲ್ಲಿ ಮಂಡನೆಯಾಗುವುದು. ಮಂಡಳಿಯ ಕ್ರಿಯಾಯೋಜನೆಗಳು ಅದರ ಹಿಂದುಮುಂದೆ ಸಿದ್ಧವಾಗುವುವು. ಆಯಾ ಕ್ಷೇತ್ರದ ಶಾಸಕರು ಮಂಡಳಿಯಲ್ಲಿ ಏನೇನು ಕೇಳಿದರು ಎಂಬುದನ್ನು ನಾಗರಿಕರು ವಿಚಾರಿಸುವ ಹಕ್ಕು ಪಡೆದಿರುವರು. ಈ ಚಳಿಗಾಲದಲ್ಲಿ ಕೋಟೆಗೆ ಹೋಗಿಬಂದ ಮನೆಯವರು, ಅಲ್ಲಿ ತಾಯಂದಿರು ಮಕ್ಕಳಿಗೆ ಏನು ದೊರೆಯಿತು, ಏನು ದೊರೆಯಲಿಲ್ಲ ಎಂಬುದನ್ನು ಎರಡು ಸಾಲು ಬರೆದು ಜಿಲ್ಲಾಧಿಕಾರಿಗಳಿಗೆ ಒಂದು, ತಮ್ಮ ಶಾಸಕರಿಗೆ ಒಂದು, ಹಂಪಿಯಲ್ಲಿರುವ ಪುರಾತತ್ತ್ವ ಇಲಾಖೆಯ ವಲಯ ಕಛೇರಿಗೆ ಒಂದು ಪ್ರತಿಯನ್ನು ಕಳಿಸಲಿ. ಮೂರೂ ಕಡೆಗೆ ಕಳಿಸಿದರೆ, ಇದು ನಮ್ಮದಲ್ಲ ಎಂದು ಉತ್ತರ ಬರೆಯುವ ಮೊದಲು ಒಬ್ಬರು ಇನ್ನೊಬ್ಬರ ಪ್ರತಿಯನ್ನು ನೋಡಬೇಕಾಗುವುದು.